ಹತ್ತು ಕೆಜಿ ಆಚೀಚೆ

ಬಂಡಿಪಾಳ್ಯದ ಈ ತೂಕದ ಮನೆಯಲ್ಲಿ ಕೂತು
ನನಗೆ ಒಂಬತ್ತನೇ ವರ್ಷ.
ಕಿಟಕಿಯಾಚೆ ಕಬ್ಬಿಣದ ಹಾಸು,
ಅದರಾಚೆ ನಂಜನಗೂಡು ರಸ್ತೆ,
ಇನ್ನೂ ಆಚೆ ಬೆಟ್ಟದ ಬೆನ್ನು.
ಲಾರಿ ಹತ್ತುತ್ತದೆ, ಕೆಂಪು ಅಂಕಿ ಓಡುತ್ತದೆ,
ನಿಂತಲ್ಲಿ ಗುಂಡಿ ಒತ್ತುತ್ತೇನೆ. ಚೀಟಿ.
ಈರುಳ್ಳಿ, ಬೂದುಗುಂಬಳ, ಟೊಮೇಟೊ, ಮತ್ತೆ ಈರುಳ್ಳಿ.

ಇಲ್ಲಿ ಋತು ಮಗ್ಗುಲು ಬದಲಿಸಿದ್ದು ಯಾರಿಗೂ ಗೊತ್ತಾಗುವುದಿಲ್ಲ.
ಹುಬ್ಬೆ ಹೋಗಿ ಉತ್ತರೆ ಹಿಡಿಯುತ್ತದೆ,
ಕೊಡೆ ಅದೇ, ಕೆಸರು ಅದೇ.
ಗೇಟಿನ ಹೊಂಗೆ ಹಸಿರು ಬಿಡುವುದಿಲ್ಲ;
ಅದರ ಎಲೆ ಉದುರುವುದು
ಚಳಿ ಶಿವ ಶಿವಾ ಎಂದು ಹೋದ ಮೇಲೆ.

ಸೇಬಿನ ಲಾರಿ ಬಂದಾಗ ಮಾತ್ರ
ಎಲ್ಲೋ ಏನೋ ಮುಗಿಯುತ್ತಿದೆ ಅನ್ನಿಸುತ್ತದೆ.
ಆರು ಹಗಲು ಓಡಿಸಿ ಬಂದ ಕುಲ್‌ವಂತನಿಗೆ
ನನ್ನ ಮಾತು ಬಾರದು, ನನಗೆ ಅವನದು.
ಅಲ್ಲಿ ಹೇಗೆ ಎಂದು ಗದ್ದ ಎತ್ತಿ ಕೇಳಿದೆ.
ಅವನು ಐದು ಬೆರಳು ಬಿಡಿಸಿ ಮೇಲೆತ್ತಿದ,
ಎರಡನ್ನು ಮಾತ್ರ ನಿಧಾನಕ್ಕೆ ಮಡಚಿ ನಿಲ್ಲಿಸಿದ.
ಎಲೆ.
ಆಮೇಲೆ ತೋಳು ಉಜ್ಜಿಕೊಂಡ.
"ಇದ್ಯಾವ್ ಕುಣ್ತಕ್ಕಾ?" ಅಂದ ಹಮಾಲಿ ಕರಿಸಿದ್ದ.

ಒಡೆದ ಪೆಟ್ಟಿಗೆಯ ಹುಲ್ಲಿನಲ್ಲಿ ಒಂದು ಎಲೆ ಸಿಕ್ಕಿತು,
ಅರ್ಧ ಹಳದಿ, ಅಂಚು ಸುಟ್ಟ ಹೋಳಿಗೆಯ ಬಣ್ಣ.
ಅಷ್ಟು ದೂರ ಬಂದಿದ್ದಕ್ಕೆ
ಯಾರೂ ಅದಕ್ಕೆ ಬಾಡಿಗೆ ಕಟ್ಟಿರಲಿಲ್ಲ.
ಬಾಕಿ ಪುಸ್ತಕದೊಳಗೆ ಇಟ್ಟೆ.

ಮೂರನೇ ದಿನ ಮುದ್ರೆಯ ಇನ್ಸ್‌ಪೆಕ್ಟರ್ ಬಂದರು.
ಇಪ್ಪತ್ತು ಕೆಜಿಯ ಬಟ್ಟುಗಳನ್ನು
ಮೂಲೆಯಿಂದ ಮೂಲೆಗೆ ಪೇರಿಸುತ್ತ,
"ಹತ್ತು ಕೆಜಿ ಆಚೀಚೆ ಆದ್ರೆ ಪರವಾಗಿಲ್ಲಮ್ಮ,
ಕಾನೂನೇ ಮಾಫಿ ಮಾಡಿದೆ" ಎಂದು
ಇಪ್ಪತ್ತೈದನೆಯದನ್ನು ಎತ್ತಿದ್ದರು, ಆಗ

ಬಂತು.
ಮಳೆ ನಿಂತ ಹಾಸಿನ ತೆಳುನೀರಿಗೆ
ತನ್ನ ನೆರಳಿನ ಮೇಲೆ ತಾನೇ ಇಳಿಯಿತು.
ಬೂದು ಬೆನ್ನು, ಬಾಲದ ಬುಡಕ್ಕೆ ಅರಿಸಿನ.
ಕುಂಡೆಕುಸ್ಕ.
ಈ ಹೆಸರು ಹೇಳುವಾಗೆಲ್ಲ ಅಮ್ಮ
ಸೆರಗು ಬಾಯಿಗೆ ಒತ್ತಿಕೊಳ್ಳುತ್ತಿದ್ದಳು.

ಹಿಮದ ತೊರೆಯೊಂದರ ಕಲ್ಲು ಬಿಟ್ಟು
ಯಾವ ಟೋಲಿಗೂ ನಿಲ್ಲದೆ ಬಂದದ್ದು
ಬಟ್ಟಿನಿಂದ ಬಟ್ಟಿಗೆ ನಡೆಯಿತು,
ಪ್ರತಿಯೊಂದಕ್ಕೂ ಬಾಲದಿಂದ ಹೂಂ ಹೂಂ ಎನ್ನುತ್ತ.
ಇನ್ಸ್‌ಪೆಕ್ಟರ್ ಬಗ್ಗಿದವರು ಬಗ್ಗಿದಂತೆ ನಿಂತರು.
ಕೈಯಲ್ಲಿ ಇಪ್ಪತ್ತು ಕೆಜಿ. ಇಳಿಸಲಿಲ್ಲ.

ಅಂಕಿ ನೋಡಿದೆ: ನಾನೂರ ಎಂಬತ್ತು.
ಹಕ್ಕಿ ಬರುವ ಮೊದಲೂ ನಾನೂರ ಎಂಬತ್ತು.
ಹಕ್ಕಿಗೆ ಹದಿನೆಂಟು ಗ್ರಾಂ ಎಂದಿಟ್ಟರೂ
ಆ ಹತ್ತು ಕೆಜಿ ಮಾಫಿಯಲ್ಲಿ ಐನೂರು ಹಿಡಿಯುತ್ತವೆ,
ಒಂದು ಕಣಿವೆಯೇ ಖಾಲಿಯಾಗಿ ಇಲ್ಲಿ ಇಳಿದರೂ
ಯಂತ್ರ ಕಣ್ಣು ಪಿಳುಕಿಸುವುದಿಲ್ಲ.
ಲೆಕ್ಕ ತಪ್ಪಬಹುದೆಂದು ಬಿಟ್ಟ ಆ ಸಂದಿಯಲ್ಲೇ
ಶರತ್ಕಾಲ ನಮ್ಮೂರಿಗೆ ದಾಟಿಕೊಳ್ಳುತ್ತದೋ ಏನೋ.

ನನ್ನ ಡ್ರಾಯರಿನಲ್ಲಿ ಏಳು ಹಳೆಯ ಚೀಟಿ ಇವೆ.
ವಾಹನ ಸಂಖ್ಯೆ ಇಲ್ಲ, ಸರಕು ಇಲ್ಲ, ತೂಕ ಸೊನ್ನೆ.
ತಾರೀಕು ಇದೆ. ಸೆಪ್ಟೆಂಬರ್ ಹದಿನೇಳು.
ಇಪ್ಪತ್ತೊಂದು. ಹದಿನೆಂಟು. ಒಂದರ ಶಾಯಿ ಪೂರ್ತಿ ಮಾಸಿದೆ.
ಅಮ್ಮ ದೊಡ್ಡಾಸ್ಪತ್ರೆಯಲ್ಲಿದ್ದ ವರ್ಷದ್ದು ಇಲ್ಲ.
ಬಂದಿತ್ತೇನೋ, ನಾನಿರಲಿಲ್ಲ.

ಈ ಸಲದ್ದು ಸೊನ್ನೆಯಲ್ಲ:
ಇಪ್ಪತ್ನಾಲ್ಕು ಬಟ್ಟು ಮತ್ತು ಒಂದು ಹಕ್ಕಿ.
ಗುಂಡಿ ಒತ್ತಿದೆ.
ಹಿಂದೆ ಈರುಳ್ಳಿ ಲಾರಿ ಹಾರನ್ ಹೊಡೆಯಿತು,
ಚಿಟ್ ಚಿಟ್ ಎಂದು ಅದು ಮೋರಿಯ ಕಡೆ ಹಾರಿತು,
"ಎಷ್ಟಮ್ಮಾ?" ಎಂದರು ಇನ್ಸ್‌ಪೆಕ್ಟರ್,
ಬಟ್ಟು ಇನ್ನೂ ಕೈಯಲ್ಲೇ.

ಚೀಟಿ ಹರಿದುಕೊಂಡೆ.
ಬೆಚ್ಚಗಿತ್ತು.